ಛತ್ರಗಳ ಹೆಸರು ಮತ್ತು ಮನೆತನದ ನೆನಪು

ದಕ್ಷಿಣ ಭಾರತದ ಹಳೆಯ ದಾರಿಗಳಲ್ಲಿ, ಯಾತ್ರಾಸ್ಥಳಗಳಲ್ಲಿ, ರೈಲು ನಿಲ್ದಾಣಗಳ ಎದುರಿನಲ್ಲಿ ನಿಂತಿರುವ ಛತ್ರಗಳಿಗೆ ಇಬ್ಬರು ಒಡೆಯರು. ಕಟ್ಟಡ ದಾರಿಹೋಕರದು, ಹೆಸರು ಕಟ್ಟಿಸಿದ ಮನೆತನದ್ದು. ಬಾಡಿಗೆ ಕೇಳದೆ ಎರಡು ಮೂರು ರಾತ್ರಿ ತಂಗಲು ಬಿಡುತ್ತಿದ್ದ ಈ ಮನೆಗಳ ಬಾಗಿಲ ಮೇಲೆ ಯಾರ ಹೆಸರಿರಬೇಕು, ಅದರ ಸುತ್ತ ಯಾವ ದೇವರ ಮೂರ್ತಿ, ಯಾರ ಭಾವಚಿತ್ರ ಇರಬೇಕು ಎಂಬುದು ಕಟ್ಟಿಸಿದವರಿಗೆ ಸಣ್ಣ ವಿಷಯವಾಗಿರಲಿಲ್ಲ. ಮಕ್ಕಳಿಲ್ಲದ ವರ್ತಕ, ಪ್ರೀತಿಸಿದವಳನ್ನು ಕಳೆದುಕೊಂಡ ರಾಜ, ಮನೆಯನ್ನೇ ಅತಿಥಿಗಳಿಗೆ ಬಿಟ್ಟುಕೊಟ್ಟ ಗ್ರಾಮದ ಹೆಗ್ಗಡೆ, ಹೀಗೆ ಒಬ್ಬೊಬ್ಬರೂ ತಮ್ಮ ಮನೆಯ ಕಥೆಯನ್ನು ಅಪರಿಚಿತರು ಮಲಗಿ ಎದ್ದು ಹೋಗುವ ಜಾಗದಲ್ಲಿ ಇಟ್ಟುಹೋಗಿದ್ದಾರೆ. ಆದ್ದರಿಂದ ಛತ್ರಗಳ ಇತಿಹಾಸವೆಂದರೆ ಬಹುಪಾಲು ಮನೆತನಗಳ ಇತಿಹಾಸವೇ.

ಆರಂಭದಲ್ಲಿ ಹೀಗಿರಲಿಲ್ಲ. ಕರ್ನಾಟಕದ ಶಾಸನಗಳಲ್ಲಿ ಸತ್ರ, ಅರವಟ್ಟಿಗೆಗಳ ಮಾತು ಮತ್ತೆ ಮತ್ತೆ ಬರುತ್ತದೆ. ಬಳ್ಳಿಗಾವಿಯ ಕೋಡಿಯ ಮಠವನ್ನು ಬಣ್ಣಿಸುವ 1162ರ ಶಾಸನವು ಆ ಮಠ ಕುರುಡರು, ಕುಂಟರು, ಕಿವುಡರು, ದಿಕ್ಕಿಲ್ಲದವರು, ಭಿಕ್ಷುಕರು, ಹಾಡುಗಾರರು ಎಲ್ಲರಿಗೂ ಅನ್ನ ಸಿಗುವ ಸ್ಥಳ, ರೋಗಿಗಳಿಗೆ ಔಷಧ ಸಿಗುವ ಸ್ಥಳ ಎಂದು ಸಾಲುಸಾಲಾಗಿ ಹೇಳುತ್ತದೆ. ಅಲ್ಲಿ ತಂಗುದಾಣದ ಹೆಸರು ಮಠದ್ದು ಅಥವಾ ಕೇದಾರೇಶ್ವರ ದೇವರದು. ದತ್ತಿ ಬಿಟ್ಟ ಅರಸ, ದಂಡನಾಯಕ, ಸೆಟ್ಟಿಗಳ ಹೆಸರು ಕಲ್ಲಿನ ಮೇಲೆ ಇರುತ್ತಿತ್ತು, ಜನರ ಬಾಯಲ್ಲಿ ಇರುತ್ತಿರಲಿಲ್ಲ. ದಾನಿ ತನ್ನ ಹೆಸರನ್ನು ದೇವರ ಕಾಲ ಬಳಿ ಇಟ್ಟ ಕಾಲ ಅದು.

ದಾನಿಯ ಹೆಸರು ಕಲ್ಲಿನಿಂದ ಬಾಗಿಲಿಗೆ ಏರುವುದರ ಹಿಂದೆ ಒಂದು ಹಳೆಯ ನಂಬಿಕೆ ಕೆಲಸ ಮಾಡಿದೆ. ಮನುಷ್ಯನಿಗೆ ಏಳು ಬಗೆಯ ಸಂತಾನ ಎಂದು ಸಂಪ್ರದಾಯ ಎಣಿಸುತ್ತದೆ: ಕೆರೆ, ನಿಧಿ, ಅಗ್ರಹಾರ, ದೇವಾಲಯ, ಉಪವನ, ಕಾವ್ಯ ಮತ್ತು ಹೊಟ್ಟೆಯಲ್ಲಿ ಹುಟ್ಟಿದ ಮಗ. ಇದನ್ನೇ ಸಪ್ತಸಂತಾನ ಎನ್ನುತ್ತಾರೆ. ಮಗನೊಬ್ಬ ಮಾತ್ರ ಸಾಯುವ ಸಂತಾನ. ಉಳಿದ ಆರೂ ಕಟ್ಟಿಸಿದವನ ಹೆಸರನ್ನು ಹೆಚ್ಚು ಕಾಲ ಹೊತ್ತು ನಿಲ್ಲುತ್ತವೆ. ಹಂಪಿಯಲ್ಲಿ ಮೊದಲನೆಯ ದೇವರಾಯನ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಮಗುವಿಗೆ ಹಾಲೂಡಿಸುವಾಗಲೇ ತಾಯಿ ಅದರ ಕಿವಿಯಲ್ಲಿ ಕೆರೆ ಕಟ್ಟಿಸಬೇಕು, ಬಾವಿ ತೋಡಿಸಬೇಕು, ಗುಡಿ ಎತ್ತಬೇಕು, ದಿಕ್ಕಿಲ್ಲದವರ ಕೈ ಹಿಡಿಯಬೇಕು ಎಂದು ಹೇಳಿದಳಂತೆ. ಲೋಕೋಪಯೋಗಿ ಕಟ್ಟಡವೆಂಬುದು ತಾಯಿ ಮಗನಿಗೆ ವಹಿಸಿದ ಮನೆಕೆಲಸ ಎಂಬ ಭಾವನೆ ಈ ಶಾಸನದಲ್ಲಿ ಸ್ಪಷ್ಟವಾಗಿದೆ. ಛತ್ರ ಆ ಏಳರ ಪಟ್ಟಿಯಲ್ಲಿ ಇಲ್ಲ. ಆದರೂ ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಯಾತ್ರೆ ಹೆಚ್ಚಿದಂತೆ ಜನ ಅದನ್ನೂ ಸಂತಾನದ ಲೆಕ್ಕಕ್ಕೆ ಸೇರಿಸಿಕೊಂಡರು. ಅಲ್ಲಿಂದಾಚೆಗೆ ಛತ್ರಕ್ಕೆ ಮನುಷ್ಯರ ಹೆಸರು ಬಂತು.

ಹೀಗೆ ಹೆಸರಿಡುವ ರೂಢಿಯ ಅತ್ಯಂತ ಮನಮುಟ್ಟುವ ಉದಾಹರಣೆಗಳು ತಂಜಾವೂರು ಸೀಮೆಯಲ್ಲಿವೆ. ಅಲ್ಲಿ ಆಳಿದ ಮರಾಠಾ ಮನೆತನಕ್ಕೆ ಬೆಂಗಳೂರಿನ ನಂಟು ನೇರವಾದದ್ದು. 1638ರಲ್ಲಿ ಬಿಜಾಪುರದ ಸೇನೆ ಕೆಂಪೇಗೌಡನ ವಂಶದವರಿಂದ ಬೆಂಗಳೂರನ್ನು ಗೆದ್ದ ಮೇಲೆ ಅದು ಶಹಾಜಿಯ ಜಹಗೀರಾಯಿತು. ಅವನ ಮಗ ಏಕೋಜಿ ಇಲ್ಲಿಂದಲೇ ಹೋಗಿ 1670ರ ದಶಕದಲ್ಲಿ ತಂಜಾವೂರನ್ನು ವಶಪಡಿಸಿಕೊಂಡ. ಕಾಶಿಯಿಂದ ರಾಮೇಶ್ವರಕ್ಕೆ ಹೋಗುವ ಯಾತ್ರಿಕರು ಈ ರಾಜ್ಯವನ್ನು ದಾಟಲೇಬೇಕಾಗಿತ್ತು. ಆ ದಾರಿಯುದ್ದಕ್ಕೂ ಏಕೋಜಿಯ ವಂಶದವರು ಛತ್ರಗಳನ್ನು ಕಟ್ಟಿಸುತ್ತ ಹೋದರು, ಅವುಗಳಲ್ಲಿ ಹಲವಕ್ಕೆ ಅಂತಃಪುರದ ಹೆಂಗಸರ ಹೆಸರಿಟ್ಟರು: ನೀಡಾಮಂಗಲದ ಯಮುನಾಂಬಾ ಛತ್ರ, ದ್ರೌಪದಾಂಬಾ ಛತ್ರ, ರಾಜಕುಮಾರಾಂಬಾ ಛತ್ರ. ಗೋಷಾ ಪದ್ಧತಿಯಲ್ಲಿ ಹೊರಗಿನವರ ಕಣ್ಣಿಗೆ ಬೀಳದೆ ಬದುಕಿದ ಹೆಂಗಸರ ಹೆಸರನ್ನು, ಅವರನ್ನು ಎಂದೂ ನೋಡದ ಸಾವಿರಾರು ಯಾತ್ರಿಕರು ದಿನವೂ ಹೇಳುವಂತಾಯಿತು. ಅರಮನೆಯ ಒಳಗಿನ ಹೆಸರು ದಾರಿಗೆ ಬಂದದ್ದು ಆ ಕಾಲಕ್ಕೆ ಸಣ್ಣ ಬದಲಾವಣೆಯಲ್ಲ.

ಇವುಗಳಲ್ಲಿ ಮೊದಲು ನೆನೆಯಬೇಕಾದದ್ದು ಒರತ್ತನಾಡಿನ ಮುಕ್ತಾಂಬಾ ಛತ್ರ. 1798ರಿಂದ 1832ರವರೆಗೆ ಆಳಿದ ಎರಡನೆಯ ಸರಫೋಜಿಗೆ ಮುಕ್ತಾಂಬಾ ಪ್ರೀತಿಯ ಸಂಗಾತಿ. ಪಟ್ಟದ ರಾಣಿಯ ಸ್ಥಾನ ಅವಳಿಗಿರಲಿಲ್ಲ. ಸಾಯುವ ಮುನ್ನ ಅವಳು ತನ್ನ ಹೆಸರಿನಲ್ಲಿ ಅನ್ನಛತ್ರವೊಂದನ್ನು ಮಾಡಿಸು ಎಂದು ಕೇಳಿಕೊಂಡಳೆಂದು ಅಲ್ಲಿನ ಜನ ಹೇಳುತ್ತಾರೆ. 1802ರಲ್ಲಿ ಛತ್ರ ಎದ್ದಿತು, ಊರಿಗೇ ಮುಕ್ತಾಂಬಾಪುರವೆಂಬ ಹೆಸರು ಬಂತು. ಅರಮನೆಯ ವಂಶಾವಳಿಯಲ್ಲಿ ಪತ್ನಿಯೆಂಬ ಸ್ಥಾನ ಸಿಗದವಳಿಗೆ ರಾಜ ಕೊಟ್ಟ ಸ್ಥಾನ ಇದು. ಕಟ್ಟಡದ ಅಲಂಕಾರವೂ ಅದೇ ಮಾತನ್ನು ಹೇಳುತ್ತದೆ. ಇಡೀ ಛತ್ರವನ್ನು ರಥದಂತೆ ರೂಪಿಸಲಾಗಿದೆ. ಅದನ್ನು ಎಳೆಯುವಂತೆ ಕುದುರೆ, ಆನೆಗಳನ್ನು ಬಿಡಿಸಲಾಗಿದೆ. ದೇವರ ಉತ್ಸವಕ್ಕೆ ಮೀಸಲಾದ ಆಕಾರವನ್ನು ದಾರಿಹೋಕರು ಮಲಗುವ ಮನೆಗೆ ಕೊಟ್ಟದ್ದು ಅವಳ ಹೆಸರಿಗೆ ಸಲ್ಲಿಸಿದ ಗೌರವವೆಂದೇ ತಿಳಿಯಬೇಕು.

ಸರಫೋಜಿ ಈ ಛತ್ರಗಳ ಬಗ್ಗೆ ಎಷ್ಟು ಕಾಳಜಿ ಇಟ್ಟುಕೊಂಡಿದ್ದನೆಂಬುದು 1801ರಲ್ಲಿ ಅವನು ಬ್ರಿಟಿಷ್ ರೆಸಿಡೆಂಟನಿಗೆ ಬರೆದ ಪತ್ರದಿಂದ ತಿಳಿಯುತ್ತದೆ. 1799ರ ಒಪ್ಪಂದದಿಂದ ರಾಜ್ಯದ ಆಡಳಿತ ಕಂಪನಿಯ ಕೈಗೆ ಹೋಗಿತ್ತು, ಛತ್ರದ ಜಮೀನುಗಳೂ ಕೈತಪ್ಪುವ ಭಯವಿತ್ತು. ಎಲ್ಲ ಜಾತಿಯ ಯಾತ್ರಿಕರಿಗೆ ಅನ್ನ, ಕಾಯಿಲೆ ಬಿದ್ದವರಿಗೆ ಔಷಧ, ದಾರಿಯಲ್ಲಿ ಹೆರಿಗೆಯಾದವರಿಗೆ ಆರೈಕೆ, ಸತ್ತವರಿಗೆ ಅಂತ್ಯಕ್ರಿಯೆ, ಅನಾಥ ಮಕ್ಕಳಿಗೆ ವಿದ್ಯೆ, ಇಷ್ಟೂ ಈ ಛತ್ರಗಳಲ್ಲಿ ನಡೆಯುತ್ತಿದೆ, ಇವು ತನ್ನ ಕುಲದ ಹಿರಿಯರು ನಡೆಸಿಕೊಂಡು ಬಂದ ಧರ್ಮ, ಇವನ್ನು ತನ್ನ ಕೈಯಲ್ಲೇ ಉಳಿಸಬೇಕು ಎಂಬುದು ಪತ್ರದ ಸಾರ. ರಾಜ್ಯ ಹೋದರೂ ಮನೆಹೆಂಗಸರ ಹೆಸರಿನ ಛತ್ರಗಳು ಹೋಗಬಾರದೆಂದು ಹೋರಾಡಿದ ಅರಸನಾಗಿ ಅವನನ್ನು ನೆನೆಯುವುದು ನ್ಯಾಯ.

ಮೈಸೂರಿನಲ್ಲಿ ಹೆಸರಿನ ರೀತಿ ಸ್ವಲ್ಪ ಬೇರೆ. ಇಲ್ಲಿ ರಾಣಿಯರನ್ನು ಹುಟ್ಟುಹೆಸರಿನಿಂದ ಕರೆಯುವುದು ಮರ್ಯಾದೆಯಾಗಿರಲಿಲ್ಲ. ಅರಮನೆಯಲ್ಲಿ ಅವರಿದ್ದ ತೊಟ್ಟಿಯ ಹೆಸರೇ ಅವರ ಹೆಸರಾಗುತ್ತಿತ್ತು: ರಮಾವಿಲಾಸ ಸನ್ನಿಧಾನ, ಸೀತಾವಿಲಾಸ ಸನ್ನಿಧಾನ, ವಾಣೀವಿಲಾಸ ಸನ್ನಿಧಾನ. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ತೀರಿಕೊಂಡ ಮೇಲೆ 1902ರವರೆಗೆ ರಾಜಪ್ರತಿನಿಧಿಯಾಗಿ ರಾಜ್ಯ ನಡೆಸಿದ ಕೆಂಪನಂಜಮ್ಮಣ್ಣಿಯವರೇ ವಾಣೀವಿಲಾಸ ಸನ್ನಿಧಾನ. ಹೀಗೆ ಮನೆಯ ಹೆಸರು ಮನುಷ್ಯರಿಗೆ, ಆ ಮನುಷ್ಯರಿಂದ ಮತ್ತೆ ಛತ್ರಕ್ಕೆ, ಅಗ್ರಹಾರಕ್ಕೆ, ಅಣೆಕಟ್ಟಿಗೆ, ಬೀದಿಗೆ ಬಂತು. ಮೈಸೂರಿನ ರಮಾವಿಲಾಸ ರಸ್ತೆ, ಸೀತಾವಿಲಾಸ ರಸ್ತೆಗಳಲ್ಲಿ ಇಂದು ಓಡಾಡುವವರಲ್ಲಿ ಬಹಳ ಮಂದಿಗೆ ಅವು ಇಬ್ಬರು ಹೆಂಗಸರ ಹೆಸರು ಎಂಬುದೇ ತಿಳಿದಿಲ್ಲ. ವಿನೋಬಾ ರಸ್ತೆಯ ನಂಜರಾಜ ಬಹದ್ದೂರ್ ಛತ್ರದ್ದೂ ಇದೇ ಸ್ಥಿತಿ. ಮಾವಿನ ಮೇಳ, ಕೈಮಗ್ಗದ ಮೇಳಗಳಿಂದಾಗಿ ಆ ಹೆಸರು ಊರಿನವರ ನಾಲಗೆಯ ಮೇಲಿದೆ, ಹೆಸರಿನ ಹಿಂದಿದ್ದ ಅರಮನೆಯ ಬಂಧು ಯಾರೆಂದು ಕೇಳುವವರು ಕಡಿಮೆ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಛತ್ರ ಕಟ್ಟಿಸುವ ಹೊಣೆ ಅರಮನೆಯಿಂದ ಪೇಟೆಗೆ ಇಳಿಯಿತು. ಅದಕ್ಕೆ ಕಾರಣ ರೈಲು. 1864ರಲ್ಲಿ ಮದ್ರಾಸು ಕಡೆಯ ರೈಲು ಬೆಂಗಳೂರು ದಂಡಿಗೆ ಬಂತು. 1880ರ ದಶಕದಲ್ಲಿ ಮೈಸೂರು, ತುಮಕೂರು ಮಾರ್ಗಗಳು ತೆರೆದವು, ಧರ್ಮಾಂಬುಧಿ ಕೆರೆಯ ಬದಿಯ ಸಿಟಿ ಸ್ಟೇಷನ್ ನಾಡಿನ ಬಾಗಿಲಾಯಿತು. ಎತ್ತಿನ ಗಾಡಿಯಲ್ಲಿ ಬರುವವನಿಗೆ ದಾರಿಯುದ್ದಕ್ಕೂ ಕಟ್ಟೆ, ಮಂಟಪ, ಗುಡಿ, ಗುರುತಿನವರ ಜಗಲಿ ಇರುತ್ತಿದ್ದವು. ರೈಲಿನಿಂದ ಇಳಿದವನು ನೇರವಾಗಿ ಅಪರಿಚಿತ ಊರಿನ ನಡುವೆ ಬಂದು ಬೀಳುತ್ತಿದ್ದ. ಕೋರ್ಟಿನ ಕೆಲಸಕ್ಕೆ, ಆಸ್ಪತ್ರೆಗೆ, ಪರೀಕ್ಷೆಗೆ ಬಂದ ಹಳ್ಳಿಯವರು ಸ್ಟೇಷನ್ನಿನ ಹೊರಗೆ ಮರದ ಕೆಳಗೆ ರಾತ್ರಿ ಕಳೆಯಬೇಕಾಗಿತ್ತು.

ಈ ಕಷ್ಟವನ್ನು ಕಂಡವರಲ್ಲಿ ಗುಬ್ಬಿ ತೋಟದಪ್ಪನವರು ಮುಖ್ಯರು. 1838ರಲ್ಲಿ ಗುಬ್ಬಿಯಲ್ಲಿ ವೀರಶೈವ ಲಿಂಗಾಯತ ಕುಟುಂಬದಲ್ಲಿ ಹುಟ್ಟಿದ ಅವರು ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ನಡೆಸಿ ಸಿರಿವಂತರಾದರು. ಮಕ್ಕಳಾಗಲಿಲ್ಲ. ಗಳಿಸಿದ್ದನ್ನೆಲ್ಲ ಪ್ರಯಾಣಿಕರಿಗೂ ವಿದ್ಯಾರ್ಥಿಗಳಿಗೂ ಮೀಸಲಿಟ್ಟರು. 1897ರಲ್ಲಿ ಸಿಟಿ ಸ್ಟೇಷನ್ನಿನ ಹತ್ತಿರವೇ ರೈಲ್ವೆಯಿಂದ ಜಾಗ ಕೊಂಡರು. ಮರುವರ್ಷವೇ ಪ್ಲೇಗು ಅದೇ ರೈಲಿನಲ್ಲಿ ಬೆಂಗಳೂರಿಗೆ ಬಂದು ಪೇಟೆಯ ಮನೆಗಳನ್ನು ಬರಿದು ಮಾಡಿತು. ಅದನ್ನೆಲ್ಲ ದಾಟಿ ಛತ್ರವೂ ವಿದ್ಯಾರ್ಥಿನಿಲಯವೂ ಸಿದ್ಧವಾದವು. 1903ರ ಫೆಬ್ರವರಿ 11ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಅವನ್ನು ಉದ್ಘಾಟಿಸಿದರು. ಆಗ ಮಹಾರಾಜರು ರಾಜ್ಯಭಾರ ವಹಿಸಿಕೊಂಡು ಕೇವಲ ಆರು ತಿಂಗಳಾಗಿತ್ತು.

ಈ ಸಂಸ್ಥೆಯ ಪೂರ್ಣ ಹೆಸರನ್ನು ನಿಧಾನವಾಗಿ ಓದಬೇಕು: ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪ. ರಾವ್ ಬಹದ್ದೂರ್ ಬ್ರಿಟಿಷ್ ಸರ್ಕಾರ ಕೊಟ್ಟ ಬಿರುದು. ಧರ್ಮಪ್ರವರ್ತ 1905ರಲ್ಲಿ ಮೈಸೂರಿನ ಮಹಾರಾಜರು ಕೊಟ್ಟದ್ದು. ಗುಬ್ಬಿ ಹುಟ್ಟಿದ ಊರು. ಕೊನೆಯದು ಹೆತ್ತವರು ಇಟ್ಟ ಹೆಸರು. ತುಮಕೂರು ಸೀಮೆಯಲ್ಲಿ ತೋಟದಪ್ಪ ಎಂಬ ಹೆಸರು ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳ ಭಕ್ತಿಯ ನೆನಪನ್ನು ಹೊತ್ತಿದೆ. ಚಕ್ರಾಧಿಪತ್ಯ, ಸಂಸ್ಥಾನ, ಊರು, ಗುರು ನಾಲ್ಕೂ ಒಂದು ಛತ್ರದ ಹಲಗೆಯ ಮೇಲೆ ಸೇರಿವೆ. ಜನ ಅದರಲ್ಲಿ ಬಿರುದುಗಳನ್ನು ಬಿಟ್ಟು ಊರು ಮತ್ತು ಹೆಸರನ್ನಷ್ಟೇ ಉಳಿಸಿಕೊಂಡರು. ಮೆಜೆಸ್ಟಿಕ್ಕಿನ ಆಟೋದವರಿಗೆ ಅದು ಇಂದಿಗೂ ತೋಟದಪ್ಪನ ಛತ್ರ. ಮುಂದಿನ ರಸ್ತೆ ಗುಬ್ಬಿ ತೋಟದಪ್ಪ ರಸ್ತೆ.

1910ರ ಫೆಬ್ರವರಿಯಲ್ಲಿ ತೋಟದಪ್ಪನವರು ತೀರಿಕೊಂಡರು. ಆಸ್ತಿಯನ್ನು ಧರ್ಮಸಂಸ್ಥೆಗೆ ಬರೆದುಕೊಟ್ಟು, ಅದರ ನಡವಳಿಕೆಯನ್ನು ಕೆ.ಪಿ. ಪುಟ್ಟಣ್ಣ ಚೆಟ್ಟಿಯವರಂಥ ಸಮರ್ಥರ ಕೈಗೆ ಒಪ್ಪಿಸಿದ್ದರು. ಮುಂದೆ ಬೆಂಗಳೂರು ಪುರಸಭೆಯ ಅಧ್ಯಕ್ಷರಾದ, ಟೌನ್ ಹಾಲಿಗೆ ಹೆಸರು ಕೊಟ್ಟ ಪುಟ್ಟಣ್ಣ ಚೆಟ್ಟಿಯವರೇ ಇವರು. ವಿದ್ಯಾರ್ಥಿನಿಲಯ ವೀರಶೈವ ಲಿಂಗಾಯತ ಹುಡುಗರಿಗೆ, ಛತ್ರ ಮಾತ್ರ ಎಲ್ಲ ಮತದವರಿಗೂ ಎಂದು ತೋಟದಪ್ಪನವರ ಧರ್ಮಸಂಸ್ಥೆ ನಡೆದುಕೊಂಡು ಬಂತು. ಒಳಗಿನವರಿಗೆ ವಿದ್ಯೆ, ಹೊರಗಿನವರಿಗೆ ನೆರಳು ಎಂಬ ಈ ಹಂಚಿಕೆಯಲ್ಲಿ ಮನೆಯ ಯಜಮಾನನ ಲೆಕ್ಕಾಚಾರವೇ ಇದೆ. ಮಕ್ಕಳಿಲ್ಲದ ಮನೆಗೆ ವರ್ಷ ವರ್ಷವೂ ಹೊಸ ಹುಡುಗರು ಬಂದು ಸೇರುವಂತೆ ಅವರು ಮಾಡಿಟ್ಟರು.

ಆ ಕಾಲದ ಛತ್ರಗಳ ಅಲಂಕಾರಕ್ಕೆ ಒಂದು ವ್ಯಾಕರಣವೇ ಇತ್ತು. ಹಳೆಯ ಮೈಸೂರು ಸೀಮೆಯ ಯಾವುದೇ ಛತ್ರದ ಎದುರು ನಿಂತರೂ ಕಣ್ಣು ಮೊದಲು ಮೇಲಕ್ಕೆ ಹೋಗುತ್ತದೆ. ಮಾಳಿಗೆಯ ಅಂಚಿನ ಗೋಡೆಯ ನಡುವೆ ಗಾರೆಯಲ್ಲಿ ಮಾಡಿದ ಮೂರ್ತಿ, ಅದರ ಕೆಳಗೆ ಕಟ್ಟಿದ ವರ್ಷ, ಅದರ ಕೆಳಗೆ ಹೆಸರು. ಅಕ್ಷರ ಬಾರದವನಿಗೆ ಮೂರ್ತಿಯೇ ವಿಳಾಸ. ಇಕ್ಕೆಲದಲ್ಲಿ ಆನೆಗಳು ನೀರೆರೆಯುವ ಗಜಲಕ್ಷ್ಮಿ ಎಲ್ಲರಿಗೂ ಸಲ್ಲುವ ಗುರುತು, ವ್ಯಾಪಾರದ ಮನೆತನಗಳಿಗಂತೂ ಬಹಳ ಪ್ರಿಯ. ಶಿವಭಕ್ತರು ನಂದಿಯನ್ನು ಕೂರಿಸಿದರು, ವೈಷ್ಣವರು ಶಂಖ, ಚಕ್ರ, ನಾಮಗಳನ್ನು ಬಿಡಿಸಿದರು, ಆರ್ಯವೈಶ್ಯರು ವಾಸವಿಯನ್ನು ನೆನೆದರು. ಅರಮನೆಯ ಆಶ್ರಯವಿದ್ದ ಕಡೆ ಗಂಡಭೇರುಂಡ ಬಂತು. ಯಾತ್ರಿಕ ಬೀದಿಯಲ್ಲಿ ನಿಂತೇ ಇದು ಯಾರ ಮನೆ, ಇಲ್ಲಿ ಯಾರ ಅಡುಗೆ, ತನಗೆ ಒಳಗೆ ಎಷ್ಟು ದೂರ ಪ್ರವೇಶ ಎಂಬುದನ್ನು ತಿಳಿದುಕೊಳ್ಳುತ್ತಿದ್ದ.

ಆ ಕೊನೆಯ ಮಾತನ್ನು ಮರೆಮಾಡಬಾರದು. ಬಹಳಷ್ಟು ಛತ್ರಗಳಲ್ಲಿ ಅಡುಗೆಮನೆ, ಪಂಕ್ತಿ, ಬಾವಿ ಜಾತಿಗನುಸಾರ ಬೇರೆ ಬೇರೆ ಇದ್ದವು. ಬ್ರಾಹ್ಮಣರಿಗೆ ಒಳಗೆ ಎಲೆ ಹಾಕಿ ಊಟ, ಕೆಲವರಿಗೆ ಸ್ವಯಂಪಾಕಕ್ಕೆ ಅಕ್ಕಿ, ಬೇಳೆ, ಕಟ್ಟಿಗೆ, ಇನ್ನು ಕೆಲವರಿಗೆ ಜಗಲಿಯವರೆಗೆ ಮಾತ್ರ ಜಾಗ. ಅಸ್ಪೃಶ್ಯರೆಂದು ಹೊರಗಿಡಲಾದವರಿಗೆ ಜಗಲಿಯೂ ಇರಲಿಲ್ಲ. ಬಾಗಿಲ ಮೇಲಿನ ಲಕ್ಷ್ಮಿ ಎಲ್ಲರನ್ನೂ ಕರೆಯುತ್ತಿದ್ದಳು, ಹೊಸ್ತಿಲು ಎಲ್ಲರನ್ನೂ ಬಿಡುತ್ತಿರಲಿಲ್ಲ. ಎಲ್ಲ ಮತದವರಿಗೂ ತೆರೆದ ಛತ್ರಗಳ ಹಿರಿಮೆ ಎಷ್ಟೆಂಬುದು ಈ ಹಿನ್ನೆಲೆಯಲ್ಲಿ ನೋಡಿದಾಗಲೇ ತಿಳಿಯುತ್ತದೆ.

ಜಗಲಿ ದಾಟಿ ಒಳಗೆ ಹೋದರೆ ಹಜಾರ. ಕೆಂಪು ಗಾರೆಯ ತಣ್ಣನೆಯ ನೆಲ, ಮರದ ಅಥವಾ ಕಲ್ಲಿನ ಕಂಬಸಾಲು, ನಡುವೆ ಬೆಳಕು ಬೀಳುವ ತೊಟ್ಟಿ, ಗೋಡೆಯಲ್ಲಿ ದೀಪದ ಗೂಡುಗಳು, ಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಆ ಹೆಂಚು ರೈಲಿನ ದಾರಿ ಹಿಡಿದು ಒಳನಾಡಿಗೆ ಬಂತು. ಇದು ಆ ಸೀಮೆಯ ಉಳ್ಳವರ ತೊಟ್ಟಿಮನೆಯ ನಕ್ಷೆಯೇ. ವ್ಯತ್ಯಾಸವೆಂದರೆ ಯಜಮಾನ ಮಲಗುವ ಕೋಣೆ ಇಲ್ಲಿಲ್ಲ, ಅವನ ಚಿತ್ರವಿದೆ. ಬಾಗಿಲಿಗೆ ಎದುರಾದ ಗೋಡೆಯ ಮೇಲೆ ಪೇಟ, ಉದ್ದ ಕೋಟು, ಜರಿ ಶಲ್ಯದಲ್ಲಿ ಕುರ್ಚಿಯ ಮೇಲೆ ನೆಟ್ಟಗೆ ಕೂತ ದಾನಿ, ಪಕ್ಕದಲ್ಲೋ ಇನ್ನೊಂದು ಚೌಕಟ್ಟಿನಲ್ಲೋ ಅವರ ಪತ್ನಿ, ಎರಡಕ್ಕೂ ಗಂಧದ ಚಕ್ಕೆಯ ಹಾರ. ಛಾಯಾಚಿತ್ರ ಬರುವ ಮುನ್ನ ದಾನಿಯ ಮುಖ ಯಾರಿಗೂ ಗೊತ್ತಿರುತ್ತಿರಲಿಲ್ಲ, ಗುಡಿಯ ಕಂಬದಲ್ಲಿ ಕೈಮುಗಿದು ನಿಂತ ಭಕ್ತವಿಗ್ರಹವೇ ಹೆಚ್ಚಿನದು. ಈಗ ಉಂಡವನು ಕೈತೊಳೆದು ಬಂದು ಅನ್ನವಿಟ್ಟವರ ಮುಖ ನೋಡಬಹುದಾಯಿತು.

ದಾನಿಯ ಚಿತ್ರದ ಸುತ್ತ ಮೂರು ಬಗೆಯ ಪಟಗಳು ಸೇರಿಕೊಂಡವು. ಒಂದು ಮಹಾರಾಜರದು. ಇನ್ನೊಂದು ಮನೆದೇವರು ಅಥವಾ ಕುಲಗುರುವಿನದು. ಮೂರನೆಯದು ಅಚ್ಚಿನ ಲಕ್ಷ್ಮಿ, ಸರಸ್ವತಿಯರದು. 1894ರಲ್ಲಿ ಮುಂಬಯಿಯಲ್ಲಿ ರವಿವರ್ಮ ಪ್ರೆಸ್ ಶುರುವಾದ ಮೇಲೆ, ಅಲ್ಲಿಯವರೆಗೆ ಅರಮನೆಯ ಗೋಡೆಗಳಲ್ಲಿದ್ದ ದೇವಿಯರು ಛತ್ರದ ಗೋಡೆಗೂ ಬಂದರು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಮೂಲಚಿತ್ರಗಳನ್ನು ನೋಡಲು ಆಗದ ಹಳ್ಳಿಯ ಹೆಂಗಸು ಛತ್ರದ ಹಜಾರದಲ್ಲಿ ಅವನ ಸರಸ್ವತಿಗೆ ಕೈಮುಗಿದಳು. ಇವೆಲ್ಲಕ್ಕೂ ಕೆಳಗೆ, ಕಣ್ಣಳತೆಯಲ್ಲಿ, ಅಮೃತಶಿಲೆಯ ಫಲಕ. ಅದರಲ್ಲಿ ಮಹಾರಾಜರ ಹೆಸರು ದೊಡ್ಡದಾಗಿ ಮೇಲೆ, ದಾನಿಯದು ನಡುವೆ, ತಂದೆ ತಾಯಿಯರ ಅಥವಾ ಗತಿಸಿದ ಪತ್ನಿಯ ಸ್ಮರಣೆ ಕೊನೆಗೆ ಬರುವುದು ವಾಡಿಕೆ. ಹೆಸರುಗಳ ಈ ಇಳಿಜಾರಿನಲ್ಲಿ ಆ ಕಾಲದ ಸಮಾಜ ಇಡಿಯಾಗಿ ಕಾಣುತ್ತದೆ. ಕೊನೆಯ ಸಾಲೇ ಬಹಳ ಸಲ ಛತ್ರ ಹುಟ್ಟಿದ ನಿಜವಾದ ಕಾರಣ.

ಅರಮನೆ ಕಟ್ಟಿಸಿದ ದೊಡ್ಡ ಅತಿಥಿಗೃಹಗಳಲ್ಲಿ ಅಲಂಕಾರದ ಈ ಭಾಷೆ ಬದಲಾಯಿತು. ವೈಸ್‌ರಾಯ್ ಮತ್ತು ಐರೋಪ್ಯ ಅತಿಥಿಗಳಿಗಾಗಿ ನಾಲ್ವಡಿಯವರು ಚಾಮುಂಡಿ ಬೆಟ್ಟದ ಹತ್ತಿರ 1921ರಲ್ಲಿ ಅಡಿಗಲ್ಲಿಟ್ಟ ಲಲಿತ ಮಹಲು ಇದಕ್ಕೆ ಸಾಕ್ಷಿ. ವಾಸ್ತುಶಿಲ್ಪಿ ಇ.ಡಬ್ಲ್ಯು. ಫ್ರಿಚ್ಲಿ. ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ ಚರ್ಚಿನದರ ಮಾದರಿ, ಮೆಟ್ಟಿಲು ಇಟಲಿಯ ಅಮೃತಶಿಲೆ. ಒಳಗೆ ಕೂತವರಿಗೆ ತಮ್ಮ ದೇಶದಲ್ಲೇ ಇದ್ದಂತೆ ತೋರಲಿ ಎಂಬುದು ಉದ್ದೇಶ. ಹೆಸರು ಮಾತ್ರ ದೇವಿಯದೇ. ಬೆಟ್ಟದ ಮೇಲೆ ಮನೆದೇವತೆ ಚಾಮುಂಡಿ, ಕೆಳಗಿನ ಅತಿಥಿಗೃಹಕ್ಕೆ ಲಲಿತೆ. ಪರದೇಶದ ಅಲಂಕಾರವನ್ನು ಒಪ್ಪಿಕೊಂಡ ಅರಸರು ಹೆಸರಿನ ವಿಷಯದಲ್ಲಿ ಮನೆಯ ಸಂಪ್ರದಾಯವನ್ನು ಬಿಡಲಿಲ್ಲ. 1974ರಲ್ಲಿ ಅದು ಹೋಟೆಲಾದಾಗಲೂ ಹೆಸರು ಹಾಗೆಯೇ ಉಳಿಯಿತು.

ಮನೆತನ, ದೇವರು, ಅತಿಥಿ ಮೂವರೂ ಒಂದೇ ಕಥೆಯಲ್ಲಿ ಬೆಸೆದ ಸ್ಥಳ ಧರ್ಮಸ್ಥಳ. ಅಲ್ಲಿನ ಐತಿಹ್ಯ ಆರಂಭವಾಗುವುದೇ ಅತಿಥಿಗಳಿಂದ. ಕುಡುಮವೆಂದು ಕರೆಯುತ್ತಿದ್ದ ಊರಿನಲ್ಲಿ ಬಿರ್ಮಣ್ಣ ಪೆರ್ಗಡೆ, ಅಮ್ಮು ಬಲ್ಲಾಳ್ತಿ ಎಂಬ ಜೈನ ದಂಪತಿ ನೆಲ್ಯಾಡಿ ಬೀಡಿನಲ್ಲಿದ್ದರು. ಧರ್ಮ ನಡೆಯುವ ಜಾಗ ಹುಡುಕುತ್ತ ಧರ್ಮದೈವಗಳು ಮನುಷ್ಯರೂಪದಲ್ಲಿ ಬಂದವು. ದಂಪತಿ ಉಪಚರಿಸಿದರು. ಆ ರಾತ್ರಿ ಕನಸಿನಲ್ಲಿ ಕಾಣಿಸಿಕೊಂಡ ದೈವಗಳು ಮನೆಯನ್ನೇ ಬಿಟ್ಟುಕೊಡುವಂತೆ ಕೇಳಿದವು, ದಂಪತಿ ಮರುಮಾತಿಲ್ಲದೆ ಬಿಟ್ಟುಕೊಟ್ಟು ಬೇರೆ ಮನೆ ಕಟ್ಟಿಕೊಂಡರು. ಮುಂದೆ ಕದ್ರಿಯಿಂದ ಮಂಜುನಾಥ ಬಂದ. ವಾದಿರಾಜರು ಬಂದು ಹೋದ ಮೇಲೆ ಊರಿಗೆ ಈಗಿನ ಹೆಸರು ಬಂತೆಂದು ಹೇಳುತ್ತಾರೆ. ಅತಿಥಿಗೆ ಮನೆ ಬಿಟ್ಟುಕೊಡುವುದೇ ಕ್ಷೇತ್ರದ ಮೂಲಕಥೆಯಾದ್ದರಿಂದ ಅಲ್ಲಿ ವಸತಿ, ಅನ್ನದಾನಗಳು ಪೂಜೆಯಷ್ಟೇ ಮುಖ್ಯವಾಗಿವೆ.

ಇಂದು ಅಲ್ಲಿನ ವಸತಿಗೃಹಗಳ ಹೆಸರನ್ನು ಒಟ್ಟಿಗೆ ಇಟ್ಟು ಓದಿದರೆ ಆ ಮನೆತನದ ಧಾರ್ಮಿಕ ಬದುಕು ಕಣ್ಣೆದುರಿಗೆ ಬರುತ್ತದೆ. ನೇತ್ರಾವತಿ, ಶರಾವತಿ, ಸಹ್ಯಾದ್ರಿ ನಾಡಿನ ನದಿ ಮತ್ತು ಬೆಟ್ಟ. ಗಂಗೋತ್ರಿ ಹಿಂದೂ ಯಾತ್ರಿಕನ ಕನಸು. ರಜತಾದ್ರಿ ಮಂಜುನಾಥನ ಕೈಲಾಸ. ವೈಶಾಲಿ ಮತ್ತು ಸಾಕೇತ ಬಂದಾಗ ಜೈನ ಕಿವಿಗೆ ಬೇರೆಯೇ ಅರ್ಥ ಕೇಳಿಸುತ್ತದೆ, ಮೊದಲನೆಯದು ಮಹಾವೀರನ ಜನ್ಮಭೂಮಿಯೊಂದಿಗೆ ಸೇರಿದ ಹೆಸರು, ಎರಡನೆಯದು ಆದಿನಾಥ ಹುಟ್ಟಿದ ಅಯೋಧ್ಯೆ. ರಾಮಭಕ್ತನಿಗೂ ಸಾಕೇತ ತನ್ನದೇ. ಶಿವನ ಗುಡಿ, ವೈಷ್ಣವ ಅರ್ಚಕರು, ಜೈನ ಹೆಗ್ಗಡೆ ಮನೆತನ ಎಂಬ ಆ ಕ್ಷೇತ್ರದ ವಿಶೇಷ ವ್ಯವಸ್ಥೆಗೆ ಈ ಹೆಸರುಗಳಿಗಿಂತ ಒಳ್ಳೆಯ ಪರಿಚಯ ಬೇಕಿಲ್ಲ. ಇಲ್ಲಿ ದಾನಿಯ ಹೆಸರೇ ಇಲ್ಲ ಎಂಬುದೂ ಗಮನಾರ್ಹ. ಕೋಡಿಯ ಮಠದ ಕಾಲದ ರೀತಿ ಇಲ್ಲಿ ಇನ್ನೂ ಉಳಿದಿದೆ.

ಸರ್ಕಾರ ತಂಗುದಾಣಗಳನ್ನು ನಡೆಸತೊಡಗಿದ ಮೇಲೆ ಹೆಸರಿಗೆ ಮನೆತನ ಬೇಡವಾಯಿತು. ಡಾಕ್ ಬಂಗ್ಲೆ, ಟ್ರಾವೆಲರ್ಸ್ ಬಂಗ್ಲೆಗಳು ಪ್ರವಾಸಿ ಮಂದಿರಗಳಾದವು. ರಾಜ್ಯ ಪ್ರವಾಸೋದ್ಯಮ ನಿಗಮವು ತನ್ನ ಹೋಟೆಲುಗಳಿಗೆ ಮಯೂರ ಎಂಬ ಸಮಾನ ಹೆಸರಿಟ್ಟು, ಅದಕ್ಕೆ ಸ್ಥಳದ ಇತಿಹಾಸವನ್ನು ಸೇರಿಸಿತು: ಬಾದಾಮಿಯಲ್ಲಿ ಮಯೂರ ಚಾಲುಕ್ಯ, ಮೈಸೂರಿನಲ್ಲಿ ಮಯೂರ ಹೊಯ್ಸಳ, ಬೇಲೂರಿನಲ್ಲಿ ಮಯೂರ ವೇಲಾಪುರಿ, ಹಳೇಬೀಡಿನಲ್ಲಿ ಮಯೂರ ಶಾಂತಲ, ವಿಜಯಪುರದಲ್ಲಿ ಮಯೂರ ಆದಿಲ್‌ಶಾಹಿ. ಕನ್ನಡಿಗರಿಗೆ ಮಯೂರ ಎಂದೊಡನೆ ನೆನಪಾಗುವವನು ಕದಂಬರ ಮಯೂರ. ಏಕೀಕರಣದಿಂದ ಹೊಸದಾಗಿ ಕೂಡಿಬಂದ ನಾಡು ತನ್ನ ಹಿರಿಯರನ್ನು ಹೀಗೆ ಎಣಿಸಿಕೊಂಡಿತು ಎನ್ನಬಹುದು.

ಈಚೆಗೆ ಹೋಂಸ್ಟೇಗಳೊಂದಿಗೆ ಮನೆತನದ ಹೆಸರು ಮತ್ತೆ ಬಾಗಿಲಿಗೆ ಬಂದಿದೆ, ಮುಖ್ಯವಾಗಿ ಕೊಡಗಿನಲ್ಲಿ. ಅಲ್ಲಿ ಒಂದು ಒಕ್ಕದ, ಅಂದರೆ ಕುಲದ, ಹಿರಿಯರ ಮನೆಯೇ ಐನ್‌ಮನೆ. ಒಕ್ಕದ ಹೆಸರೇ ಮನೆಯ ಹೆಸರು, ಅದೇ ಪ್ರತಿ ವ್ಯಕ್ತಿಯ ಹೆಸರಿನ ಮೊದಲ ಭಾಗ. ಕಂಬಗಳ ನಡುವೆ ಕೂರಲು ಹಾಸಿದ ಐಮರ, ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ಹಜಾರ, ಅಲ್ಲಿ ತೂಗುವ ದೀಪ, ಹಿರಿಯರಿಗೆ ಎಡೆಯಿಡುವ ಕನ್ನಿಕೊಂಬರೆ, ಅಂಗಳದಾಚೆ ಒಕ್ಕದ ಮೂಲಪುರುಷರಾದ ಕಾರಣವರ ನೆನಪಿನ ಕೈಮಡ. ಇವು ಯಾವುವೂ ಅತಿಥಿಗಾಗಿ ಮಾಡಿದ ಅಲಂಕಾರಗಳಲ್ಲ, ಒಕ್ಕದ ನಿತ್ಯದ ಆಚರಣೆಗೆ ಬೇಕಾದವು. ಹಳೆಯ ಛತ್ರದಲ್ಲಿ ಮನೆಯವರು ಇಲ್ಲದೆ ಅವರ ಚಿತ್ರ ಇರುತ್ತಿತ್ತು. ಇಲ್ಲಿ ಮನೆಯವರೂ ಇದ್ದಾರೆ, ಕಾರಣವರೂ ಇದ್ದಾರೆ, ಬಾಡಿಗೆ ಕೊಟ್ಟ ಅತಿಥಿ ಅವರ ನಡುವೆ ಮಲಗುತ್ತಾನೆ. ತೂಗುದೀಪವನ್ನು ಅಂಗಡಿಯಿಂದ ತಂದು, ಒಕ್ಕಕ್ಕೆ ಸಂಬಂಧವಿಲ್ಲದ ಹೊಸ ಕಟ್ಟಡಕ್ಕೆ ಐನ್‌ಮನೆ ಎಂದು ಹೆಸರಿಡುವುದು ಬೇರೆ ಮಾತು. ಅದರಲ್ಲಿ ಅಲಂಕಾರ ಇರುತ್ತದೆ, ಮನೆತನ ಇರುವುದಿಲ್ಲ.

ಪೇಟೆಯ ಛತ್ರಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದೊಂದಾಗಿ ಕಲ್ಯಾಣಮಂಟಪಗಳಾದವು. ಲಾಡ್ಜುಗಳು ಹೆಚ್ಚಿ ದಾರಿಹೋಕರು ಕಡಿಮೆಯಾದರು, ಮದುವೆಗಳಿಂದ ಆದಾಯ ಬಂತು. ಬೆಂಗಳೂರಿನಲ್ಲಿ ಛತ್ರ ಎಂದರೆ ಈಗ ಮದುವೆಯ ಜಾಗ ಎಂದೇ ಅರ್ಥ. ಈ ಬದಲಾವಣೆಯಲ್ಲಿ ಯಾವ ಹೆಸರು ಉಳಿಯಿತು, ಯಾವುದು ಹೋಯಿತು ಎಂದು ನೋಡಿದರೆ ಕಟ್ಟಡದ ಗಟ್ಟಿತನಕ್ಕಿಂತ ದತ್ತಿಪತ್ರದ ಗಟ್ಟಿತನವೇ ಮುಖ್ಯವೆಂಬುದು ಸ್ಪಷ್ಟ. ಬಾಡಿಗೆ ಬರುವ ಆಸ್ತಿ, ಲೆಕ್ಕ ಒಪ್ಪಿಸುವ ಧರ್ಮದರ್ಶಿಗಳು, ಇಂಥ ಕೆಲಸಕ್ಕೇ ಬಳಸಬೇಕೆಂಬ ಷರತ್ತು, ಈ ಮೂರೂ ಇದ್ದ ಕಡೆ ಹೆಸರು ಬಾಳಿದೆ. ತೋಟದಪ್ಪನವರ ಸಂಸ್ಥೆ ನೂರು ವರ್ಷ ದಾಟಿಯೂ ನಡೆಯುತ್ತಿರುವುದಕ್ಕೆ ಇದೇ ಕಾರಣ. ಜಮೀನು ಕಳೆದುಕೊಂಡ ತಂಜಾವೂರಿನ ಛತ್ರಗಳಲ್ಲಿ ಹಲವು ಪಾಳುಬಿದ್ದವು.

ಹಳೆಯ ಛತ್ರವನ್ನು ಕೆಡವಿ ಮಹಡಿ ಏರಿಸುವಾಗ ಮೊದಲು ಕಸಕ್ಕೆ ಹೋಗುವುದು ಗಾರೆಯ ಮೂರ್ತಿ, ವರ್ಷ ಬರೆದ ಅಂಚುಗೋಡೆ ಮತ್ತು ಅಮೃತಶಿಲೆಯ ಫಲಕ. ಬಹಳಷ್ಟು ಮನೆತನಗಳಿಗೆ ಇವನ್ನು ಬಿಟ್ಟರೆ ಬೇರೆ ಲಿಖಿತ ದಾಖಲೆ ಇಲ್ಲ, ಛತ್ರ ಯಾರ ಸ್ಮರಣೆಗಾಗಿ ಹುಟ್ಟಿತು ಎಂಬುದಂತೂ ಆ ಫಲಕದ ಕೊನೆಯ ಸಾಲಿನಲ್ಲಿ ಮಾತ್ರ ಇರುತ್ತದೆ. ಕೆಡವುವ ಮುನ್ನ ಅವುಗಳ ಚಿತ್ರ ತೆಗೆದು, ಬರಹವನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡು, ಫಲಕವನ್ನು ಹೊಸ ಕಟ್ಟಡದ ಗೋಡೆಯಲ್ಲಿ ಮತ್ತೆ ಕೂರಿಸುವ ಕೆಲಸವನ್ನು ಧರ್ಮದರ್ಶಿಗಳೂ ಊರಿನವರೂ ತಪ್ಪದೆ ಮಾಡಬೇಕು.